ಋತುಮಾನವೂ ಬಾವಿಯ ನೀರೂ



ಗೋಕಾವಿಯ ಬಳಿ ಘಟಪ್ರಭೆಯು ಮರಳುಗಲ್ಲಿನ ಅಂಚಿನಿಂದ ಸುಮಾರು 170 ಅಡಿ ಕೆಳಕ್ಕೆ ಧುಮುಕುವ ವೈಭವವನ್ನು ನೋಡಲು ಶ್ರಾವಣದಲ್ಲಿ ಜನ ತಂಡೋಪತಂಡವಾಗಿ ಬರುವರಾದರೂ, ಕರಿಗಲ್ಲಿನ ಬಿರುಕುಗಳಲ್ಲಿಯೂ ಎರೆಭೂಮಿಯ ತಳದಲ್ಲಿಯೂ ಅಗೋಚರವಾಗಿ ಸಂಚರಿಸಿ ನಮ್ಮ ಕೊಡಗಳನ್ನು ತುಂಬುವ ಜಲವನ್ನು ಕುರಿತು ಚಿಂತಿಸುವವರು ವಿರಳ.

ಬೇಸಿಗೆಯಲ್ಲಿ ಕೆಟ್ಟ ನೀರು ಮಳೆಗಾಲದಲ್ಲಿ ತಾನಾಗಿ ಶುದ್ಧವಾಗುವುದೆಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಇದು ಅರ್ಧಸತ್ಯ. ವೈಶಾಖದಲ್ಲಿ ಜಲಮಟ್ಟ ಕುಸಿದು, ಶಿಲೆಯೊಡನೆ ಬಹುಕಾಲ ಸಂಪರ್ಕದಲ್ಲಿದ್ದ ನೀರಿನಲ್ಲಿ ಲವಣಗಳು ಸಾಂದ್ರವಾದಾಗ ಬೇಳೆ ಬೇಯದು, ಸಾಬೂನು ನೊರೆಗಟ್ಟದು, ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿಯ ಪದರ ಕೂರುವುದು. ಗೃಹಿಣಿಯು ಪ್ರಯೋಗಶಾಲೆಯ ನೆರವಿಲ್ಲದೆಯೇ ಇದನ್ನು ಅರಿಯುತ್ತಾಳೆ. ಮಳೆ ಬಂದು ಈ ಗಡಸುತನವನ್ನು ತಗ್ಗಿಸುವುದೂ ನಿಜವೆ. ಆದರೆ ಅದೇ ಮಳೆ ಕಬ್ಬಿನ ಗದ್ದೆಗೆ ಸುರಿದ ಯೂರಿಯಾದ ಶೇಷವನ್ನೂ, ಬಾವಿಯ ಮಗ್ಗುಲಿನ ತಿಪ್ಪೆಯ ರಸವನ್ನೂ ಕರಗಿಸಿಕೊಂಡು ಪಾತಾಳದತ್ತ ಇಳಿಯುತ್ತದೆ. ಹೀಗೆ ಸೇರಿದ ನೈಟ್ರೇಟಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯೂ ಇಲ್ಲ. ನೀರನ್ನು ಕುದಿಸಿದರೆ ಅದು ನಾಶವಾಗುವುದಿರಲಿ, ಆವಿಯಾದಷ್ಟೂ ಸಾಂದ್ರವಾಗುತ್ತದೆ. ಭಾರತೀಯ ಮಾನಕವು ಲೀಟರಿಗೆ 45 ಮಿಲಿಗ್ರಾಂ ಎಂಬ ಮಿತಿಯನ್ನು ವಿಧಿಸಿ, ಅದರಲ್ಲಿ ಕಿಂಚಿತ್ತೂ ಸಡಿಲಿಕೆ ಕೊಡದಿರುವುದು ಹಸುಗೂಸುಗಳ ರಕ್ತವು ಆಮ್ಲಜನಕವನ್ನು ಹೊರುವ ಶಕ್ತಿಯನ್ನು ನೈಟ್ರೇಟು ಕುಗ್ಗಿಸುವುದರಿಂದಲೇ. ಸವಳು ನೀರನ್ನು ಉಗುಳುವ ನಾಲಗೆ ಈ ವಿಷಯದಲ್ಲಿ ಸಾಕ್ಷಿಯಾಗಲಾರದು.

ನಮ್ಮ ಸೀಮೆಯಲ್ಲಿ ಋತುವನ್ನು ನಿರ್ಣಯಿಸುವುದು ಆಕಾಶವೊಂದೇ ಅಲ್ಲ. 1897ರ ಧುಪದಾಳ ಒಡ್ಡು, ಅನಂತರ 1977ರಲ್ಲಿ ಪೂರ್ಣಗೊಂಡ ಹಿಡಕಲ್ ಜಲಾಶಯ, ಇವುಗಳಿಂದ ಹರಿದ ಕಾಲುವೆಗಳು ಬೇಸಿಗೆಯಲ್ಲಿಯೂ ನೆಲವನ್ನು ತೋಯಿಸಿ, ಬಾವಿಗಳಿಗೆ ಒಂದು ಎರಡನೆಯ ಮಳೆಗಾಲವನ್ನೇ ಸೃಷ್ಟಿಸಿವೆ. ಉಪಕಾರ ದೊಡ್ಡದು. ಆದರೆ ಬಸಿಗಾಲುವೆಯಿಲ್ಲದ ಎರೆಭೂಮಿಗೆ ಮಿತಿಮೀರಿ ನೀರುಣಿಸಿದಲ್ಲಿ ಜಲಮಟ್ಟ ಬೇರಿನವರೆಗೆ ಏರಿ, ಉಪ್ಪು ಮೇಲೆದ್ದು, ಹೊಲ ಸವಳು-ಜವಳಾಗುತ್ತದೆ. ಅದರ ಬಾವಿಯೂ ಅದೇ ಗತಿಯನ್ನು ಹೊಂದುತ್ತದೆ. ಆದುದರಿಂದ ಒಂದೇ ಊರಿನ ಎರಡು ಬಾವಿಗಳು, ಒಂದು ಕಾಲುವೆಯ ಕೆಳಗಿದ್ದು ಮತ್ತೊಂದು ಮೇಲಿದ್ದರೆ, ಒಂದೇ ಪಂಚಾಂಗವನ್ನು ಅನುಸರಿಸಬೇಕೆಂಬ ನಿಯಮವೇನೂ ಇಲ್ಲ.

2019ರ ಆಗಸ್ಟಿನ ಮಹಾಪೂರವು ಗೋಕಾವಿಯನ್ನು ಹೊಕ್ಕುದು ಎಲ್ಲರ ನೆನಪಿನಲ್ಲಿದೆ. ನೆರೆಯ ನೀರು ನುಗ್ಗಿದ ಬಾವಿಗೆ ಬ್ಲೀಚಿಂಗ್ ಪುಡಿ ಹಾಕುವುದು ಯುಕ್ತವೇ. ಅದರಿಂದ ರೋಗಾಣುಗಳು ಸಾಯುತ್ತವೆ, ನೈಟ್ರೇಟು ಮಾತ್ರ ಇದ್ದಂತೆಯೇ ಇರುತ್ತದೆ.

ಆದುದರಿಂದ ವರ್ಷಕ್ಕೊಮ್ಮೆ, ಬಿಡುವಿದ್ದಾಗ ತೆಗೆದ ಒಂದು ಬಾಟಲಿಯ ನೀರನ್ನು ಪರೀಕ್ಷಿಸಿ 'ಕುಡಿಯಲು ಯೋಗ್ಯ' ಎಂದು ಬರೆದುಕೊಡುವ ಪದ್ಧತಿ ನನಗೆ ಸಮ್ಮತವಲ್ಲ. ಈ ಗೋಷ್ಠಿಯು ಪ್ರಬಂಧಗಳ ಮಂಡನೆಯಿಂದಲೇ ತೃಪ್ತವಾಗದೆ, ಗೋಕಾವಿ, ಮೂಡಲಗಿ, ಹುಕ್ಕೇರಿ ಈ ಮೂರೂ ತಾಲೂಕುಗಳಲ್ಲಿ ಕಾಲುವೆಯ ಮೇಲಿನ ಮತ್ತು ಕೆಳಗಿನ ಬಾವಿಗಳನ್ನು ಗೊತ್ತುಪಡಿಸಿ, ಅವೇ ಬಾವಿಗಳಿಂದ ಮೇ ತಿಂಗಳಲ್ಲಿಯೂ, ಮೊದಲ ದೊಡ್ಡ ಮಳೆಯ ತರುವಾಯವೂ, ನವೆಂಬರಿನಲ್ಲಿಯೂ ನೀರನ್ನು ಪರೀಕ್ಷಿಸುವ ಕ್ರಮವನ್ನು ಇಂದೇ ರೂಪಿಸಬೇಕೆಂದೂ, ಫಲಿತಾಂಶವನ್ನು ತಿಂಗಳ ಹೆಸರಿನೊಡನೆ ಆಯಾ ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಕನ್ನಡದಲ್ಲಿ ಬರೆಯಿಸಬೇಕೆಂದೂ ಸಭೆಯ ಮುಂದೆ ಸೂಚಿಸುತ್ತೇನೆ.