ಸಾರ್ವಜನಿಕ ಸಸ್ಯೋದ್ಯಾನಕ್ಕೆ ತಕ್ಕ ಸ್ಥಳ



ಊರಿನ ಮಹಾಜನರು ಒಂದುಗೂಡಿ ತಮ್ಮ ದ್ರವ್ಯದಿಂದಲೂ ಶ್ರಮದಿಂದಲೂ ಒಂದು ಸಸ್ಯೋದ್ಯಾನವನ್ನು ನಿರ್ಮಿಸಬೇಕೆಂದು ಸಂಕಲ್ಪ ಮಾಡಿದರೆ, ಎಲ್ಲಕ್ಕಿಂತ ಮೊದಲು ವಿಚಾರಿಸತಕ್ಕದ್ದು ಸ್ಥಳವನ್ನು. ಗಿಡವೊಂದು ತಪ್ಪಿದರೆ ಮರುವರ್ಷ ಬೇರೊಂದನ್ನು ನೆಡಬಹುದು. ನೆಲವು ತಪ್ಪಿದರೆ ಅದು ತಿಳಿದುಬರುವಷ್ಟರಲ್ಲಿ ಇಪ್ಪತ್ತು ಮೂವತ್ತು ವರ್ಷಗಳು ಸಂದುಹೋಗಿರುವುವು. ಆ ನೆಲವನ್ನು ಆರಿಸಿದವರಲ್ಲಿ ಅನೇಕರು ಉತ್ತರ ಹೇಳಲು ಉಳಿದಿರುವುದಿಲ್ಲ.

ಸಸ್ಯೋದ್ಯಾನವೆಂದರೆ ಸಂಜೆಯ ಹೊತ್ತು ಅಡ್ಡಾಡುವ ಹೂದೋಟವೆಂದು ಅನೇಕರು ತಿಳಿದಿರುವರು. ಅದರಲ್ಲಿ ಅಡ್ಡಾಡಬಹುದು, ಬೇಡವೆನ್ನುವವರಾರು? ಆದರೆ ಅಲ್ಲಿಯ ಪ್ರತಿಯೊಂದು ಗಿಡಕ್ಕೂ ಹೆಸರುಂಟು. ಅದು ಎಲ್ಲಿಂದ ಬಂದಿತು, ಯಾವ ದಿನ ನೆಡಲ್ಪಟ್ಟಿತು, ಎಂದು ಹೂವು ಬಿಟ್ಟಿತು ಎಂಬುದು ಪುಸ್ತಕದಲ್ಲಿ ಬರೆದಿರುವುದು. ವಿದ್ಯಾರ್ಥಿಯು ಅಲ್ಲಿ ಕಲಿಯುವನು. ವೈದ್ಯನು ಅಂಗಡಿಯ ಬೇರನ್ನು ನಿಜವಾದ ಗಿಡದೊಡನೆ ಹೋಲಿಸಿ ನೋಡುವನು. ಸುತ್ತಣ ಕಾಡಿನಲ್ಲಿ ಅಳಿದುಹೋದ ಗಿಡದ ಬೀಜವು ಅಲ್ಲಿ ಉಳಿದಿರುವುದು. ಇಷ್ಟು ಕಾಲ ನಿಲ್ಲಬೇಕಾದ ವಸ್ತುವಿಗೆ ನೆಲವು ಎಂತಹದಿರಬೇಕು?

ಸಾಮಾನ್ಯವಾಗಿ ಲೋಕದಲ್ಲಿ ನಡೆಯುವುದು ಬೇರೆ. ಉತ್ತರೂ ಬೆಳೆಯದ ಚೌಳು, ಕೆರೆಯಂಚಿನ ಜೌಗು, ಕಲ್ಲು ಒಡೆದು ಬಿಟ್ಟ ಗುಂಡಿ, ಹೀಗೆ ಯಾರಿಗೂ ಬೇಡವಾದ ನೆಲವು ಉದ್ಯಾನಕ್ಕೆಂದು ದಾನವಾಗಿ ಬರುವುದು. ದಾನಿಗಳ ಮನಸ್ಸು ನೋಯಬಾರದೆಂಬ ದಾಕ್ಷಿಣ್ಯದಿಂದ ಸಮಿತಿಯವರು ಅದನ್ನು ಆ ದಿನವೇ ಒಪ್ಪಿಕೊಳ್ಳುವರು. ದಾನವು ಒಳ್ಳೆಯ ಮನಸ್ಸಿನಿಂದಲೇ ಬಂದುದಾಗಿರಬಹುದು. ಆದರೆ ಗಿಡದ ಬೇರಿಗೆ ದಾಕ್ಷಿಣ್ಯವೆಂಬುದು ತಿಳಿಯದು. ಹಾಗೆಂದು ಯಾವ ದೋಷವೂ ಇಲ್ಲದ ನೆಲವನ್ನೇ ಅರಸುತ್ತ ಕುಳಿತರೆ ಉದ್ಯಾನವೆಂದಿಗೂ ಆಗದು. ದೋಷಗಳಲ್ಲಿ ಎರಡು ಬಗೆಯುಂಟು: ಮನುಷ್ಯಪ್ರಯತ್ನದಿಂದ ನೀಗತಕ್ಕದ್ದು ಒಂದು, ಎಷ್ಟು ಹಣ ಸುರಿದರೂ ನೀಗದಿರತಕ್ಕದ್ದು ಇನ್ನೊಂದು. ಮುಂದಿರುವ ನೆಲದ ದೋಷವು ಯಾವ ಬಗೆಯದೆಂದು ದಾನಪತ್ರಕ್ಕೆ ಮೊದಲೇ ಅರಿಯುವುದರಲ್ಲಿ ಸಮಿತಿಯ ವಿವೇಕವೆಲ್ಲ ಅಡಗಿದೆ. ಭರತಖಂಡದ ಎರಡು ಹಳೆಯ ಉದ್ಯಾನಗಳ ಚರಿತ್ರೆಯಿಂದ ಇದು ಸ್ಪಷ್ಟವಾಗುವುದು.

ಮೊದಲನೆಯದು ಉದಕಮಂಡಲದ ಉದ್ಯಾನ. ಅದರ ಮೂಲವು ಬಹಳ ಸಣ್ಣದು. ಅಲ್ಲಿ ನೆಲಸಿದ್ದ ಐರೋಪ್ಯರು ತಮಗೆ ಕಾಯಿಪಲ್ಯವು ಸುಲಭ ಬೆಲೆಗೆ ದೊರೆಯಲೆಂದು ತಿಂಗಳಿಗೆ 3 ರೂಪಾಯಿಯಂತೆ ವಂತಿಗೆ ಹಾಕಿ ಒಂದು ತೋಟವನ್ನು ಮಾಡಿದ್ದರು. ಆ ಏರ್ಪಾಡು ಚೆನ್ನಾಗಿ ನಡೆಯಲಿಲ್ಲ. ಬಳಿಕ 1847ರಲ್ಲಿ ಮದರಾಸಿನ ಗವರ್ನರರಾಗಿದ್ದ ಟ್ವೀಡೇಲ್ ಪ್ರಭುವಿನ ಆಶ್ರಯದಲ್ಲಿ ಒಂದು ಸಮಿತಿಯು ಕೂಡಿ, ಸಾರ್ವಜನಿಕ ಉದ್ಯಾನಕ್ಕೆಂದು ಚಂದಾ ಎತ್ತಿತು. ಮರುವರ್ಷ ಇಂಗ್ಲೆಂಡಿನ ಕ್ಯೂ ಉದ್ಯಾನದಲ್ಲಿ ಪಳಗಿದ ವಿಲಿಯಂ ಗ್ರಹಾಂ ಮೆಕೈವರ್ ಎಂಬಾತನು ಬಂದನು. ಆತನಿಗೆ ಒದಗಿದ ನೆಲವು ದೊಡ್ಡಬೆಟ್ಟದ ಕೆಳಗಣ ಇಳಿಜಾರು: ಮೇಲ್ಭಾಗವು ಕಡಿದಾದ ಕಾಡು, ನಡುವೆ ಆಳವಾದ ಕೊರಕಲುಗಳು, ಕೆಳಭಾಗವು ಕಾಲಿಟ್ಟರೆ ಹೂಳುವ ಜೌಗು. ಮೇಲ್ನೋಟಕ್ಕೆ ಇದು ತಿರಸ್ಕರಿಸತಕ್ಕ ನೆಲವೇ ಸರಿ. ಆದರೆ ಅದರ ದೋಷವೆಲ್ಲವೂ ನೀರು ಹರಿಯುವ ಬಗೆಗೆ ಸಂಬಂಧಪಟ್ಟುದು. ಮೇಲಿನಿಂದ ಇಳಿದ ನೀರು ಮಣ್ಣನ್ನು ಕೊರೆಯುತ್ತಿತ್ತು, ಕೆಳಗೆ ಹೋಗಲು ದಾರಿಯಿಲ್ಲದೆ ನಿಲ್ಲುತ್ತಿತ್ತು. ಇಳಿಜಾರನ್ನು ಮೆಟ್ಟಿಲುಮೆಟ್ಟಿಲಾಗಿ ಕಡಿದು, ಜೌಗಿನಲ್ಲಿ ಕಾಲುವೆ ತೆಗೆದು ನೀರನ್ನು ಹೊರಡಿಸಿದ ಮೇಲೆ ಎರಡೂ ದೋಷಗಳು ಒಟ್ಟಿಗೆ ನೀಗಿದುವು. ಇದಕ್ಕೆ ಸುಮಾರು 10 ವರ್ಷಗಳು ಹಿಡಿದುವೆಂಬುದನ್ನು ಮಾತ್ರ ಮರೆಯಬಾರದು. ಇಂದು ಸುಮಾರು 55 ಎಕರೆಗಳಲ್ಲಿ ಹರಡಿರುವ ಆ ಹಸುರು ಹಾಸನ್ನು ನೋಡುವವರಿಗೆ ಅದರ ಅಡಿಯಲ್ಲಿರುವ ಜೌಗು ಕಾಣಿಸದು.

ಇನ್ನು ಕಲಕತ್ತೆಯ ಕಡೆಗೆ ತಿರುಗೋಣ. ಈಸ್ಟ್ ಇಂಡಿಯಾ ಕಂಪೆನಿಯ ಸೇನಾಧಿಕಾರಿ ರಾಬರ್ಟ್ ಕಿಡ್ ಎಂಬಾತನು 1786ರಲ್ಲಿ ಸಲಹೆಯನ್ನಿತ್ತು, 1787ರಲ್ಲಿ ಹೂಗ್ಲಿ ನದಿಯ ಪಡುವಣ ದಡದ ಶಿವಪುರದಲ್ಲಿ ಉದ್ಯಾನವನ್ನು ತೊಡಗಿದನು. ಕ್ಷಾಮದಲ್ಲಿ ಜನರಿಗೆ ಆಹಾರವಾಗಬಲ್ಲ ಮರಗಳನ್ನು ಬೆಳೆಸಬೇಕೆಂಬುದು ಆತನ ಆಶಯಗಳಲ್ಲೊಂದು. ಇದು ನಿಜವಾಗಿಯೂ ಮೆಚ್ಚತಕ್ಕದ್ದು. ಅದರೊಂದಿಗೆ ಜಾಜಿಕಾಯಿ, ಲವಂಗ, ದಾಲ್ಚಿನ್ನಿಗಳನ್ನೂ ಹಡಗಿನ ಕೆಲಸಕ್ಕಾಗಿ ತೇಗವನ್ನೂ ಬೆಳೆಯಬೇಕೆಂದಿದ್ದನು. ನೆಲ ವಿಶಾಲ, ನೀರು ಹೇರಳ, ದೋಣಿಯ ದಾರಿ ಎದುರಿಗೇ, ಇನ್ನೇನು ಬೇಕು? ಆದರೂ ಸಂಬಾರದ ಗಿಡಗಳು ಅಲ್ಲಿ ಬಾಳಲಿಲ್ಲ. ವರ್ಷವಿಡೀ ಒಂದೇ ಸಮನಾದ ಶೆಕೆಯನ್ನೂ ತೇವವನ್ನೂ ಬಯಸುವ ಸಮುದ್ರದ್ವೀಪಗಳ ಗಿಡಗಳಿಗೆ ವಂಗದೇಶದ ಚಳಿಗಾಲವೂ ಅದರ ಬೆನ್ನಿಗೇ ಬರುವ ಒಣಬಿಸಿಲೂ ಸಹಿಸಲಿಲ್ಲ. ತಗ್ಗುನೆಲದ ತೇಗವೂ ಎಣಿಸಿದಂತಹ ಮರವಾಗಲಿಲ್ಲ. ಗಾಳಿಯ ಗುಣವನ್ನು ಗುದ್ದಲಿಯಿಂದ ತಿದ್ದುವುದು ಸಾಧ್ಯವೇ?

ಅದೇ ಉದ್ಯಾನದ ಇನ್ನೊಂದು ದೋಷವು ನೀಗತಕ್ಕದ್ದಾಗಿತ್ತು. 1864ರ ಅಕ್ಟೋಬರಿನ ಚಂಡಮಾರುತದಲ್ಲಿ ನದಿಯು ಉಕ್ಕಿ ಒಳನುಗ್ಗಿತು. ಸಾವಿರಕ್ಕೂ ಹೆಚ್ಚು ಮರಗಳು ಉರುಳಿದುವು. ಮೂರು ವರ್ಷಗಳಲ್ಲಿಯೇ, 1867ರಲ್ಲಿ, ಇನ್ನೊಂದು ಬಿರುಗಾಳಿಯು ಉಳಿದವುಗಳಲ್ಲಿ ಅನೇಕವನ್ನು ಕೆಡವಿತು. 1871ರಲ್ಲಿ ಮೇಲ್ವಿಚಾರಕನಾಗಿ ಬಂದ ಜಾರ್ಜ್ ಕಿಂಗ್ ಎಂಬಾತನು ತಗ್ಗುಗಳಲ್ಲಿ ಒಂದಕ್ಕೊಂದು ಕೂಡಿಕೊಂಡ ಕೊಳಗಳನ್ನು ಅಗೆಸಿ, ಆ ಮಣ್ಣಿನಿಂದಲೇ ದಾರಿಗಳನ್ನು ಎತ್ತರಿಸಿ, ಉದ್ಯಾನವನ್ನು ಹೊಸದಾಗಿ ರಚಿಸಿದನು. ಬಿರುಗಾಳಿಯ ಭಯವು ಅದರಿಂದ ತೀರಿತೆಂದಲ್ಲ. 2020ರ ಅಂಫಾನ್ ಚಂಡಮಾರುತವು ಅಲ್ಲಿ ಮತ್ತೆ ಬಹಳ ಮರಗಳನ್ನು ಬೀಳಿಸಿತು.

ಕನ್ನಡನಾಡಿನ ಒಂದು ಊರಿನವರು ತಮ್ಮ ನೆಲವನ್ನು ಹೇಗೆ ಪರೀಕ್ಷಿಸಬೇಕೆಂಬುದನ್ನು ಇನ್ನು ವಿಚಾರಿಸಬೇಕು. ನೆಲವನ್ನು ನೋಡಲು ತಕ್ಕ ಕಾಲವು ಕಾರ್ತಿಕವಲ್ಲ. ಆಗ ಎಲ್ಲ ನೆಲವೂ ಚೆಲುವಾಗಿಯೇ ಇರುವುದು. ಒಮ್ಮೆ ವೈಶಾಖದ ಬಿಸಿಲಿನಲ್ಲಿಯೂ ಇನ್ನೊಮ್ಮೆ ಜಡಿಮಳೆಯ ಮರುದಿನವೂ ಹೋಗಿ ನೋಡತಕ್ಕದ್ದು. ನಾಲ್ಕೈದು ಕಡೆ ಮೂರು ಅಡಿ ಆಳದ ಗುಂಡಿ ತೆಗೆದು ನೀರು ತುಂಬಿ, ಅದು ಇಂಗಿದ ಬಳಿಕ ಮತ್ತೊಮ್ಮೆ ತುಂಬಿ ಬರಬೇಕು. ಮರುದಿನವೂ ನೀರು ನಿಂತಿದ್ದರೆ ಹೆಚ್ಚಿನ ಮರಗಳ ಬೇರು ಅಲ್ಲಿ ಕೊಳೆಯುವುದು. ಕೆಂಪು ಮಣ್ಣು ಬಡವಾದರೂ ಕೊಟ್ಟಿಗೆಯ ಗೊಬ್ಬರದಿಂದಲೂ ತರಗೆಲೆಯಿಂದಲೂ ಕೆಲವೇ ವರ್ಷಗಳಲ್ಲಿ ಸುಧಾರಿಸುವುದು. ಎರೆನೆಲವು ಜೋಳಕ್ಕೂ ಹತ್ತಿಗೂ ಬಂಗಾರವಾದರೂ, ಮಳೆಗಾಲದಲ್ಲಿ ಉಬ್ಬಿ ಬೇಸಗೆಯಲ್ಲಿ ಬಿರಿದು ಎಳೆಯ ಬೇರುಗಳನ್ನು ಹರಿಯುವುದು. ಅಲ್ಲಿ ಬೇವು, ಜಾಲಿಗಳಂತಹ ಗಟ್ಟಿಮರಗಳನ್ನೇ ಮೊದಲು ನಂಬಬೇಕು. ಚೌಳು ನೆಲವೂ ಸಿಹಿನೀರಿದ್ದರೆ ತೊಳೆದು ತಿದ್ದಲು ಬರುವಂತಹದು. ಬಾವಿಯ ನೀರೇ ಸವಳಾಗಿದ್ದರೆ ಕೈಮುಗಿದು ಹಿಂದಿರುಗುವುದೇ ಲೇಸು.

ನೀರಿನ ಲೆಕ್ಕವನ್ನು ಊಹೆಗೆ ಬಿಡದೆ ಹಾಕಿ ನೋಡಬೇಕು. 500 ಸಸಿಗಳಿಗೆ ವಾರಕ್ಕೊಮ್ಮೆ 20 ಲೀಟರಿನಂತೆ ಕೊಟ್ಟರೆ ವಾರಕ್ಕೆ 10,000 ಲೀಟರು. ಸಂಕ್ರಾಂತಿಯಿಂದ ಮುಂಗಾರಿನವರೆಗಿನ 20 ವಾರಗಳಿಗೆ 2 ಲಕ್ಷ ಲೀಟರು. ಒಂದು ಎಕರೆಯ ಮೇಲೆ ಒಂದು ಅಂಗುಲ ಮಳೆ ಬಿದ್ದರೆ ಅದು ಸುಮಾರು 1 ಲಕ್ಷ ಲೀಟರು. ಆದುದರಿಂದ ಮಳೆ ಕಡಿಮೆಯಾದ ಸೀಮೆಯಲ್ಲಿಯೂ ನೀರು ಬೀಳದೆ ಇರುವುದಿಲ್ಲ, ಅದು ಹರಿದುಹೋಗುವುದು. ಆವಿಯಾಗುವುದಕ್ಕೂ ಇಂಗುವುದಕ್ಕೂ ಇಮ್ಮಡಿಯನ್ನು ಹಿಡಿದರೆ 60 ಅಡಿ ಉದ್ದ, 40 ಅಡಿ ಅಗಲ, 6 ಅಡಿ ಆಳದ ಒಂದು ಹೊಂಡವು ಸಾಕು. ಅದರಲ್ಲಿ 4 ಲಕ್ಷ ಲೀಟರು ನಿಲ್ಲುವುದು. ಇಂತಹ ಹೊಂಡಕ್ಕೆ ನೆಲದ ಕೆಳಮೂಲೆಯಲ್ಲಿ ಎಡೆಯಿದೆಯೇ ಎಂಬುದನ್ನು ಆರಿಸುವ ದಿನವೇ ನೋಡಿಕೊಳ್ಳತಕ್ಕದ್ದು.

ಪಹಣಿಯಲ್ಲಿ ಹೆಸರು ಯಾರದು, ಗೋಮಾಳವಾಗಿದ್ದರೆ ದನ ಮೇಯಿಸುವವರ ಗತಿಯೇನು, ಮೋಜಣಿಯ ಕಲ್ಲುಗಳು ಸ್ಥಳದಲ್ಲಿವೆಯೇ ಎಂಬಿವು ಬೇಸರದ ಪ್ರಶ್ನೆಗಳಾದರೂ ಕೇಳಲೇಬೇಕಾದುವು. ಶಾಲೆಯ ಮಕ್ಕಳು ನಡೆದು ಹೋಗಲಾಗದಷ್ಟು ದೂರದ ನೆಲವು ಎಷ್ಟು ಫಲವತ್ತಾಗಿದ್ದರೂ ಸಾರ್ವಜನಿಕರದಾಗಿ ಉಳಿಯುವುದು ಕಷ್ಟ.

ಒಳ್ಳೆಯ ನೆಲ ದೊರೆತ ಮಾತ್ರಕ್ಕೆ ಸಾಲದೆಂಬುದಕ್ಕೂ ಸಾಕ್ಷ್ಯವುಂಟು. ಸಿಂಗಪುರದಲ್ಲಿ ರಾಫಲ್ಸ್ ಎಂಬಾತನು 1822ರಲ್ಲಿ ತೊಡಗಿದ ಉದ್ಯಾನವು 1829ರಲ್ಲಿ ಮುಚ್ಚಿಹೋಯಿತು. ಆತನು ಊರು ಬಿಟ್ಟ ಮೇಲೆ ಅದಕ್ಕೆ ದಿಕ್ಕಿರಲಿಲ್ಲ. 1859ರಲ್ಲಿ ಊರವರ ಒಂದು ಸಂಘವು ಬೇರೆಡೆಯಲ್ಲಿ ಹೊಸತಾಗಿ ಆರಂಭಿಸಿತು. ಕೆಲವು ವರ್ಷಗಳಲ್ಲಿ ಆ ಸಂಘವೂ ಸಾಲಕ್ಕೆ ಸಿಲುಕಿ ಉದ್ಯಾನವನ್ನು ಸರಕಾರಕ್ಕೆ ಒಪ್ಪಿಸಿತು. ಆದರೂ ಅವರು ಒಂದು ಪುಣ್ಯಕಾರ್ಯವನ್ನು ಮಾಡಿದ್ದರು: ಆ ನೆಲದಲ್ಲಿದ್ದ ಮೂಲದ ಮಳೆಕಾಡಿನ ಒಂದು ತುಂಡನ್ನು ಕಡಿಯದೆ ಬಿಟ್ಟಿದ್ದರು. 2015ರಲ್ಲಿ ಲೋಕಪಾರಂಪರ್ಯದ ಪಟ್ಟಿಗೆ ಸೇರಿದ ಆ ಉದ್ಯಾನದಲ್ಲಿ ಅದು ಇಂದಿಗೂ ಇದೆ. ಬೆಂಗಳೂರಿನ ಲಾಲ್‌ಬಾಗು ಕೂಡ ಇಂತಹ ದೆಸೆಯನ್ನು ಕಂಡುದೇ. ಹೈದರಾಲಿಯು 1760ರಲ್ಲಿ ತೊಡಗಿದ ಆ ತೋಟವು 1836ರಲ್ಲಿ ಒಂದು ಕೃಷಿ-ತೋಟಗಾರಿಕಾ ಸಂಘದ ವಶಕ್ಕೆ ಬಂದಿತು. 1842ರಲ್ಲಿ ಸಂಘವೇ ಮುರಿಯಿತು. 1856ರಲ್ಲಿ ಸರಕಾರದ ಸಸ್ಯೋದ್ಯಾನವಾದ ಬಳಿಕವೇ ಅದಕ್ಕೆ ನೆಲೆ ದೊರೆತುದು. ಆದುದರಿಂದ ಗಿಡ ಕೊಳ್ಳುವ ಹಣಕ್ಕೆ ಮೊದಲು ತೋಟಿಗನ ಸಂಬಳದ ಹಣವು ಕೂಡಿರಬೇಕು. ಐದು ಎಕರೆ ದೊರೆತರೂ ಮೊದಲ ವರ್ಷ ಒಂದೇ ಎಕರೆಯಲ್ಲಿ ನೆಡುವುದು ಹೇಡಿತನವಲ್ಲ.

ಕೊನೆಯದಾಗಿ ಎಡೆಯ ವಿಚಾರ. ಮೊಳದುದ್ದದ ಸಸಿಯನ್ನು ಕೈಯಲ್ಲಿ ಹಿಡಿದವನಿಗೆ ನಲವತ್ತು ಅಡಿಗಳ ಅಂತರವು ದುಂದಾಗಿ ತೋರುವುದು. ನಡುವೆ ಇನ್ನೆರಡು ಇರಲೆಂದು ಆಸೆಯಾಗುವುದು. ನಕ್ಷೆಯಲ್ಲಿ ಪ್ರತಿ ಮರವನ್ನೂ ಅದು ಬೆಳೆದು ನಿಂತಾಗಿನ ಅಳತೆಯಲ್ಲಿಯೇ ಬರೆಯತಕ್ಕದ್ದು. ಶಿವಪುರದ ಉದ್ಯಾನದಲ್ಲಿ ಪ್ರಖ್ಯಾತವಾದ ಒಂದು ಆಲದ ಮರವಿದೆ. 1864ರ ಮತ್ತು 1867ರ ಬಿರುಗಾಳಿಗಳಲ್ಲಿ ಅದಕ್ಕೆ ಗಾಯವಾಗಿ, ಆ ಗಾಯದಲ್ಲಿ ಬೂಷ್ಟು ಹಿಡಿದು, 1925ರಲ್ಲಿ ಅದರ ಮೂಲಕಾಂಡವನ್ನೇ ಕತ್ತರಿಸಿ ತೆಗೆಯಬೇಕಾಯಿತು. ಸುತ್ತಲೂ ಎಡೆಯಿದ್ದುದರಿಂದ ಅದು ಬಿಳಲುಗಳ ಮೇಲೆಯೇ ಬದುಕಿ, ಇಂದು 3 ಎಕರೆಗಳಿಗೂ ಮೀರಿ ಹಬ್ಬಿದೆ. ಅದನ್ನು ಸುತ್ತಿ ನೋಡಲೆಂದು 330 ಮೀಟರುಗಳ ಒಂದು ದಾರಿಯನ್ನು ಮಾಡಿದ್ದರು. ಮರವು ಆ ದಾರಿಯನ್ನೂ ದಾಟಿ ಆಚೆಗೆ ಬಿಳಲುಗಳನ್ನು ಇಳಿಬಿಟ್ಟಿದೆ.