ಮರಿಮೀನಿಗೆ ಮನೆಯಲ್ಲೇ ಜೀವಂತ ಆಹಾರ



ಅಲಂಕಾರಿಕ ಮೀನು ಸಾಕುವವರಿಗೆ ಮೀನಿನಿಂದ ಮೊಟ್ಟೆ ಇಡಿಸುವುದು ಅಷ್ಟೇನೂ ಕಷ್ಟದ ಕೆಲಸವಲ್ಲ. ಹುಟ್ಟಿದ ಮರಿಗಳನ್ನು ಮೊದಲ ಹತ್ತು ದಿನ ಉಳಿಸಿಕೊಳ್ಳುವುದೇ ಕಷ್ಟ. ಗೋಲ್ಡ್‌ಫಿಷ್ ತೊಟ್ಟಿಯಲ್ಲಿ ನೂರಾರು ಮರಿಗಳು ಹೊರಬಂದರೂ ವಾರ ಕಳೆಯುವುದರೊಳಗೆ ಬೆರಳೆಣಿಕೆಯಷ್ಟು ಉಳಿಯುವುದುಂಟು. ಅನೇಕ ವೇಳೆ ಇದಕ್ಕೆ ಹಸಿವು ಕಾರಣ. ಇಲ್ಲವೆ ಹಸಿವು ನೀಗಲೆಂದು ಹಾಕಿದ ಕೋಳಿಮೊಟ್ಟೆಯ ಹಳದಿ ಕೊಳೆತು ನೀರು ಕೆಟ್ಟಿರುತ್ತದೆ. ಮರಿಮೀನು ಅಲುಗಾಡುವ ಆಹಾರವನ್ನು ಬೇಗ ಗುರುತಿಸಿ ಹಿಡಿಯುತ್ತದೆ. ಅಂತಹ ಆಹಾರವನ್ನು ಆರ್ಟೀಮಿಯ ಎಂಬ ಉಪ್ಪುನೀರಿನ ಜೀವಿಯಿಂದ ಪಡೆಯಬಹುದು.

ಆರ್ಟೀಮಿಯ ಸೀಗಡಿಯ ದೂರದ ಸಂಬಂಧಿ. ಉಪ್ಪಿನ ಸರೋವರಗಳಲ್ಲಿ, ತೂತ್ತುಕುಡಿಯಂತಹ ಕಡೆ ಉಪ್ಪಿನ ಗದ್ದೆಗಳಲ್ಲಿ ಕಂಡುಬರುತ್ತದೆ. ಪರಿಸ್ಥಿತಿ ಪ್ರತಿಕೂಲವಾದಾಗ ಇದು ಗಟ್ಟಿ ಕವಚದ ತತ್ತಿಗಳನ್ನು ಬಿಡುತ್ತದೆ. ಒಣಗಿದ ತತ್ತಿ ಬಿತ್ತನೆ ಬೀಜದಂತೆ ವರ್ಷಗಟ್ಟಲೆ ಸುಪ್ತವಾಗಿದ್ದು, ನೀರು ಸೋಕಿದೊಡನೆ ಎಚ್ಚರಗೊಳ್ಳುತ್ತದೆ. ಡಬ್ಬಿಯಲ್ಲಿ ಸಿಗುವ ಕಂದು ಪುಡಿ ಇದೇ. ಒಂದು ಗ್ರಾಂ ಪುಡಿಯಲ್ಲಿ ಸುಮಾರು 2 ರಿಂದ 3 ಲಕ್ಷ ತತ್ತಿಗಳಿರುತ್ತವೆ. ಇದರ ಮರಿ ಮೀನಿಗೆ ಒಳ್ಳೆಯ ಆಹಾರವೆಂಬುದನ್ನು 1933ರಲ್ಲಿ ಅಮೆರಿಕದ ಸೀಲ್, 1939ರಲ್ಲಿ ನಾರ್ವೆಯ ರೋಲೆಫ್‌ಸೆನ್ ತೋರಿಸಿಕೊಟ್ಟರು.

ಮರಿ ಮಾಡಿಸಲು ದೊಡ್ಡ ಸಲಕರಣೆ ಬೇಡ. ಎರಡು ಲೀಟರಿನ ಪ್ಲಾಸ್ಟಿಕ್ ಬಾಟಲಿಯ ತಳ ಕತ್ತರಿಸಿ, ಮುಚ್ಚಳ ಬಿಗಿದು, ತಲೆಕೆಳಗಾಗಿ ನಿಲ್ಲಿಸಬೇಕು. ಒಂದು ಲೀಟರ್ ನೀರಿಗೆ 25 ರಿಂದ 30 ಗ್ರಾಂ ಕಲ್ಲುಪ್ಪು, ಒಂದು ಚಿಟಿಕೆ ಅಡಿಗೆ ಸೋಡಾ ಕರಗಿಸಬೇಕು. ನಲ್ಲಿ ನೀರಾದರೆ ಹಿಂದಿನ ದಿನವೇ ಹಿಡಿದಿಟ್ಟರೆ ಕ್ಲೋರಿನ್ ಹೋಗುತ್ತದೆ. ಈ ನೀರಿಗೆ ಒಂದು ಗ್ರಾಂ ತತ್ತಿ ಧಾರಾಳ. ಗಾಳಿ ಪಂಪಿನ ಕೊಳವೆಯನ್ನು ಬಾಟಲಿಯ ಕತ್ತಿನವರೆಗೆ ಇಳಿಬಿಟ್ಟು, ತತ್ತಿಗಳೆಲ್ಲ ಸದಾ ಸುತ್ತುತ್ತಿರುವಂತೆ ನೋಡಿಕೊಳ್ಳಬೇಕು. ತಳದಲ್ಲಿ ಕುಳಿತ ತತ್ತಿ ಸರಿಯಾಗಿ ಒಡೆಯುವುದಿಲ್ಲ. ಬೆಳಕೂ ಅಗತ್ಯ.

ನೀರು 28 ಡಿಗ್ರಿ ಸೆಂಟಿಗ್ರೇಡ್ ಆಸುಪಾಸಿನಲ್ಲಿದ್ದರೆ 18 ರಿಂದ 24 ಗಂಟೆಗಳಲ್ಲಿ ಕಿತ್ತಳೆ ಬಣ್ಣದ ಮರಿಗಳು ಕಾಣುತ್ತವೆ. ಚಳಿಗಾಲದಲ್ಲಿ ತಡವಾಗುತ್ತದೆ. ಹಿಂದೆ ಬಾಟಲಿಯ ಪಕ್ಕ ಬಲ್ಬು ಉರಿಸಿ ಶಾಖ ಕೊಡುತ್ತಿದ್ದರು. ಈಗಿನ ಎಲ್‌ಇಡಿ ಬಲ್ಬಿನಿಂದ ಬೆಳಕು ಬಂದೀತೇ ಹೊರತು ಸಾಕಷ್ಟು ಶಾಖ ಬಾರದು. ಮೀನಿನ ತೊಟ್ಟಿಯ ಹೀಟರ್ ಇಟ್ಟ ಬಕೆಟ್ಟಿನ ನೀರಿನಲ್ಲಿ ಬಾಟಲಿ ನಿಲ್ಲಿಸುವುದು ಮೇಲು.

ಇನ್ನು ಮುಖ್ಯವಾದದ್ದು ಸಿಪ್ಪೆ ಬೇರ್ಪಡಿಸುವುದು. ಅವಸರದಲ್ಲಿ ಎಲ್ಲವನ್ನೂ ತೊಟ್ಟಿಗೆ ಸುರಿಯುವವರೇ ಹೆಚ್ಚು. ಸಿಪ್ಪೆ ಮರಿಮೀನಿಗೆ ಜೀರ್ಣವಾಗದು, ಕರುಳಿಗೆ ಸಿಕ್ಕಿಕೊಂಡು ಸಾವಿಗೂ ಕಾರಣವಾದೀತು. ಗಾಳಿ ನಿಲ್ಲಿಸಿ, ಬಾಟಲಿಯ ಮೇಲ್ಭಾಗಕ್ಕೆ ಬಟ್ಟೆ ಸುತ್ತಿ, ಕೆಳಗಡೆ ಮಾತ್ರ ಬೆಳಕು ಹಿಡಿಯಬೇಕು. ಸಿಪ್ಪೆ ಮೇಲೆ ತೇಲುತ್ತದೆ, ಮರಿಗಳು ಬೆಳಕಿನತ್ತ ಇಳಿಯುತ್ತವೆ. ಹತ್ತು ನಿಮಿಷಕ್ಕಿಂತ ಹೆಚ್ಚು ಬಿಟ್ಟರೆ ಉಸಿರುಕಟ್ಟಿ ಸತ್ತಾವು. ತೆಳು ಕೊಳವೆಯಿಂದ ಮರಿಗಳನ್ನು ಇಳಿಸಿಕೊಳ್ಳುವಾಗ ಅಡಿಯಲ್ಲೇ ಉಳಿದ, ಒಡೆಯದ ತತ್ತಿಗಳನ್ನು ಮೊದಲು ಚೆಲ್ಲಬೇಕು. ಆಮೇಲೆ ನಯವಾದ ಬಟ್ಟೆಯಲ್ಲಿ ಸೋಸಿ ಸಿಹಿನೀರಿನಲ್ಲಿ ತೊಳೆಯಬೇಕು.

ಹೊಸ ಮರಿ ಏನನ್ನೂ ತಿನ್ನದೆ ತನ್ನೊಳಗಿನ ಹಳದಿಯನ್ನೇ ಕರಗಿಸಿಕೊಂಡು ಬದುಕುತ್ತದೆ. ಆದ್ದರಿಂದ ಗಂಟೆ ಕಳೆದಂತೆಲ್ಲ ಅದರ ಪೌಷ್ಟಿಕತೆ ಇಳಿಯುತ್ತದೆ. ಒಡೆದ ಕೆಲವೇ ಗಂಟೆಗಳಲ್ಲಿ ತಿನ್ನಿಸಿದರೆ ಹಾಕಿದ ಹಣಕ್ಕೆ ಬೆಲೆ. ವಾರಕ್ಕೊಮ್ಮೆ ರಾಶಿ ಮಾಡುವುದಕ್ಕಿಂತ ಎರಡು ಬಾಟಲಿ ಇಟ್ಟುಕೊಂಡು ದಿನಕ್ಕೊಂದರಂತೆ ಸರದಿಯಲ್ಲಿ ಹೂಡುವುದು ಲೇಸು. ಸಿಹಿನೀರಿನಲ್ಲಿ ಇವು ಕೆಲವು ಗಂಟೆಗಳಷ್ಟೇ ಬದುಕುತ್ತವೆ. ಹದಿನೈದು ಇಪ್ಪತ್ತು ನಿಮಿಷದಲ್ಲಿ ತಿಂದು ಮುಗಿಸುವಷ್ಟನ್ನು ದಿನಕ್ಕೆ ಮೂರು ನಾಲ್ಕು ಬಾರಿ ಕೊಡಬೇಕು. ಮರಿಮೀನಿನ ಹೊಟ್ಟೆ ಕಿತ್ತಳೆ ಬಣ್ಣಕ್ಕೆ ತಿರುಗಿದರೆ ತಿಂದಿದೆ ಎಂದರ್ಥ.

ಗಪ್ಪಿ, ಮೋಲಿ ಮರಿಗಳು ಹುಟ್ಟಿದ ದಿನವೇ ಇದನ್ನು ತಿನ್ನಬಲ್ಲವು. ಗೌರಾಮಿ ಮರಿಯ ಬಾಯಿಗೆ ಮಾತ್ರ ಅರ್ಧ ಮಿಲಿಮೀಟರಿನ ಈ ಆಹಾರವೂ ದೊಡ್ಡದು. ಮೊದಲ ಕೆಲವು ದಿನ ಹಸಿರು ನೀರು, ಇನ್ಫುಸೋರಿಯ ಕೊಡಬೇಕು. ಕಾಟ್ಲಾ, ರೋಹು ಮರಿಗಳ ಕೊಳಕ್ಕೆ ಇದನ್ನು ಕೊಳ್ಳುವುದು ದುಂದುವೆಚ್ಚ. ಅಲ್ಲಿ ಸಗಣಿ ಗೊಬ್ಬರದಿಂದ ಬೆಳೆಯುವ ಸೂಕ್ಷ್ಮ ಜೀವಿಗಳೇ ಸಾಕು.

ತತ್ತಿ ಕೊಳ್ಳುವಾಗ ಬೆಲೆಯೊಂದನ್ನೇ ನೋಡಬಾರದು. ನೂರಕ್ಕೆ ನಲವತ್ತು ಒಡೆಯುವ ಅಗ್ಗದ ಡಬ್ಬಿಗಿಂತ ಎಂಬತ್ತು ಒಡೆಯುವ ದುಬಾರಿ ಡಬ್ಬಿಯೇ ಎಷ್ಟೋ ವೇಳೆ ಅಗ್ಗವಾಗುತ್ತದೆ. ಮೀನು ಮೊಟ್ಟೆ ಇಡುವ ಮೊದಲೇ ಒಂದು ಚಿಟಿಕೆ ಹಾಕಿ ಪರೀಕ್ಷಿಸಿಕೊಳ್ಳುವುದು ಒಳ್ಳೆಯದು. ತೆರೆದ ಡಬ್ಬಿಯನ್ನು ತೇವ ತಾಗದಂತೆ ಬಿಗಿಯಾಗಿ ಮುಚ್ಚಿ ಫ್ರಿಜ್ಜಿನಲ್ಲಿಡಬೇಕು.