ನೆರಳಿನ ಅಂಗಳಕ್ಕೆ ಹಸಿರು ಹಾಸು: ಸಿಮೆಂಟ್ ಹಾಕೋ ಮುಂಚೆ ಒಮ್ಮೆ ಕೇಳಿ

ಹಿಂದಿನ ಸಂಚಿಕೆಯಲ್ಲಿ ಸಣ್ಣ ಅಂಗಡಿಯವರ ಜಿಎಸ್‌ಟಿ ಬಗ್ಗೆ ಮಾತಾಡಿದ್ದೆ, ಇವತ್ತು ಗಿಡದ ಬಗ್ಗೆ. ಬಿಕಾಂ ಓದಿದವಳಿಗೆ ಗಿಡದ ಉಸಾಬರಿ ಯಾಕೆ ಅಂತ ನಗಬೇಡಿ. ಎರಡು ವರ್ಷದಲ್ಲಿ ಇದಕ್ಕೆ ಎಷ್ಟು ಖರ್ಚಾಯ್ತು, ಎಷ್ಟು ಗಿಡ ಸತ್ತವು, ಎಲ್ಲ ಲೆಕ್ಕ ಬರೆದಿಟ್ಟಿದ್ದೀನಿ. ಹಿಂದೆ ಕೂಲರ್ ಸದ್ದು ಕೇಳಿಸಿದರೆ ಸ್ವಲ್ಪ ಹೊಂದಿಕೊಳ್ಳಿ. ಬೀದರ್‌ನಲ್ಲಿ ಏಪ್ರಿಲ್ ತಿಂಗಳು ಇದು.

ನಮ್ಮ ಮನೆ ಇರೋದು ಬೀದರ್ ಹಳೇ ಊರಿನೊಳಗೆ. ನಮ್ಮ ಗೋಡೆಗೂ ಪಕ್ಕದ ಮನೆ ಗೋಡೆಗೂ ನಡುವೆ ಒಂದು ಓಣಿಯಂಥ ಜಾಗ ಇದೆ. ನಾಲ್ಕಡಿ ಅಗಲ, ಇಪ್ಪತ್ತಡಿ ಉದ್ದ, ಬಿಸಿಲು ಬೀಳೋದೇ ಇಲ್ಲ. ಆ ಕಡೆ ತುದಿಗೆ ಬಾವಿ. ಮಳೆಗಾಲದಲ್ಲಿ ಅಲ್ಲೆಲ್ಲ ಪಾಚಿ ಕಟ್ಟುತ್ತೆ. ಎರಡು ವರ್ಷದ ಹಿಂದೆ ಆಗಸ್ಟ್‌ನಲ್ಲಿ ಅವ್ವ ಬಕೀಟು ಹಿಡ್ಕೊಂಡು ಬರ್ತಾ ಜಾರಿ ಬಿದ್ದಳು. ಬಲಗೈ ಮಣಿಕಟ್ಟು ಮುರೀತು. ಆರು ವಾರ ಪ್ಲಾಸ್ಟರ್. ಅಪ್ಪ ಅವತ್ತೇ ಮೇಸ್ತ್ರಿಯನ್ನ ಕರೆಸಿ ಹದಿನೆಂಟು ಸಾವಿರದ ಅಂದಾಜು ಬರೆಸಿಕೊಂಡ. ಮಳೆ ನಿಂತ ಮೇಲೆ ಪೂರ್ತಿ ಸಿಮೆಂಟ್ ಅಂತ ತೀರ್ಮಾನ ಆಯ್ತು.

ಅವ್ವನನ್ನ ನೋಡೋಕೆ ಭಾಲ್ಕಿಯಿಂದ ಆಯಿ ಬಂದಿದ್ದಳು. ಅವಳು ಆ ಚೀಟಿ ನೋಡಿ ಅಪ್ಪನಿಗೆ ಕೇಳಿದ್ದು ಇಷ್ಟೇ: "ಸಿಮೆಂಟ್ ಬಳದ್ರ ಮಳಿ ನೀರು ಎಲ್ಲಿ ಹೋಗಬೇಕು? ಬಾವಿಗೆ ಏನು ಕುಡಸ್ತೀರಿ?"

ಇದು ಹಳೇ ಕಾಲದವರ ಹಠ ಅಲ್ಲ ನೋಡ್ರಿ. ಬೀದರ್ ಊರು ಕೂತಿರೋದು ಕೆಂಪು ಕಲ್ಲಿನ ಗುಡ್ಡದ ಮೇಲೆ. ಈ ಕಲ್ಲಿನ ತುಂಬ ತೂತು, ಮಳೆ ನೀರನ್ನ ಕುಡಿದುಬಿಡುತ್ತೆ. ಅದರ ಕೆಳಗೆ ಗಟ್ಟಿ ಕರಿ ಕಲ್ಲು. ಇಳಿದ ನೀರು ಅಲ್ಲಿ ತಡೆದು ಪಕ್ಕಕ್ಕೆ ಹರಿಯುತ್ತೆ. ಬಹಮನಿ ಕಾಲದವರು ನೌಬಾದ್‌ನಲ್ಲಿ ನೆಲದೊಳಗೆ ಸುರಂಗ ಕೊರೆದು ಕರೇಜ್ ಮಾಡಿದ್ದು ಇದೇ ನೀರನ್ನ ಹಿಡಿಯೋಕೆ. ಮೇಲಿನ ನೆಲ ಮುಚ್ಚಿದರೆ ಕೆಳಗೆ ಇಳಿಯೋದು ಏನು? ನಮ್ಮದು ಎಂಬತ್ತು ಚದರ ಅಡಿ, ಅಷ್ಟಕ್ಕೇ ಊರಿನ ಬಾವಿ ಬತ್ತಲ್ಲ, ಒಪ್ಪುತ್ತೀನಿ. ಆದರೆ ನಮ್ಮ ಓಣಿಯಲ್ಲಿ ಎಲ್ಲರೂ ಅದೇ ಲೆಕ್ಕ ಹಾಕಿ ಎಲ್ಲರ ಅಂಗಳವೂ ಸಿಮೆಂಟ್ ಆಗಿದೆ.

ನಾನು ಅಪ್ಪನ ಹತ್ತಿರ ಒಂದು ವರ್ಷ ವಾಯಿದೆ ಕೇಳಿದೆ. ಜಪಾನಿನ ಕ್ಯೋಟೋದಲ್ಲಿರೋ ಸೈಹೋಜಿ ದೇವಾಲಯದ ಪಾಚಿ ತೋಟದ ಫೋಟೋ ಫೋನ್‌ನಲ್ಲಿ ತೋರಿಸಿದೆ. ಮರದ ಕೆಳಗೆಲ್ಲ ಹಸಿರು ಮಖಮಲ್ಲು. ಅಪ್ಪ ನೋಡಿ, "ಅದು ಜಪಾನ್. ಇದು ಬೀದರ" ಅಂದ. ಅಪ್ಪ ಹೇಳಿದ್ದು ಸರಿ ಅಂತ ತಿಳಿಯೋಕೆ ನನಗೆ ಎರಡು ಸಾವಿರದ ಒಂಬೈನೂರು ರೂಪಾಯಿ ಖರ್ಚಾಯ್ತು.

ಮೊದಲು ತರಿಸಿದ್ದು ಬೇಬಿಸ್ ಟಿಯರ್ಸ್. ಸಾಸಿವೆ ಕಾಳಿನಷ್ಟು ಎಲೆ, ನೆಲಕ್ಕೆ ಅಂಟಿಕೊಂಡು ಹಬ್ಬುತ್ತೆ. ಆನ್‌ಲೈನ್‌ನಲ್ಲಿ ಆರು ಕುಂಡ. ನವೆಂಬರ್‌ನಲ್ಲಿ ನೆಟ್ಟೆ, ಜನವರಿವರೆಗೆ ಎಷ್ಟು ಚೆಂದ ಅಂತೀರಿ! ನೋಡೋಕೆ ಬಂದವರಿಗೆಲ್ಲ ಅಪ್ಪನೇ ತೋರಿಸ್ತಿದ್ದ. ಏಪ್ರಿಲ್ ಹೊತ್ತಿಗೆ ಬೇಯಿಸಿದ ಸೊಪ್ಪಿನ ಹಾಗೆ ಆಗಿಹೋಯ್ತು. ಆಮೇಲೆ ಓದಿದೆ, ಅದರ ತವರು ಕಾರ್ಸಿಕಾ, ಸಾರ್ಡೀನಿಯಾ ದ್ವೀಪಗಳು. ತಂಪು, ತೇವ ಎರಡೂ ಬೇಕು. ನಮ್ಮಲ್ಲಿ ನೆರಳಿದ್ದರೂ ಮೇ ತಿಂಗಳ ಗಾಳಿ ಬೆಂಕಿ, ಸಂಜೆಯಾದ ಮೇಲೂ ಗೋಡೆ ಕಾವು ಬಿಡ್ತಾ ಇರುತ್ತೆ. ನೆರಳು ಬೇರೆ, ತಂಪು ಬೇರೆ. ಗಿಡ ಮಾರೋರು ಇದನ್ನ ಹೇಳಲ್ಲ.

ಎರಡನೇದು ಸೆಲಾಜಿನೆಲ್ಲಾ. ಇದು ಪಾಚಿ ಥರ ಕಂಡರೂ ಪಾಚಿ ಅಲ್ಲ, ಜರೀಗಿಡವೂ ಅಲ್ಲ. ಬೇರು, ಕಾಂಡ, ಒಳಗೆ ನೀರು ಹರಿಯೋ ನಾಳ ಎಲ್ಲ ಇರುತ್ತೆ, ಹೂ ಮಾತ್ರ ಬಿಡಲ್ಲ. ಜಾತ್ರೆಯಲ್ಲಿ ಒಣಗಿದ ಉಂಡೆಯನ್ನ ನೀರಿಗೆ ಹಾಕಿ ಅರಳಿಸಿ ತೋರಿಸಿ "ಸಂಜೀವಿನಿ" ಅಂತ ಮಾರ್ತಾರಲ್ಲ, ಅದೂ ಇದೇ ಕುಲದ್ದು. ಆದರೆ ನರ್ಸರಿಯಲ್ಲಿ ಸಿಗೋ ಹಸಿರು ಹಾಸಿನ ಜಾತಿಗೆ ಒಣಗಿ ಬದುಕೋ ವಿದ್ಯೆ ಇಲ್ಲ. ಅದಕ್ಕೆ ನಾನು ಹಾಕಿದ್ದು ಯಾವ ನೀರು ಗೊತ್ತಾ? ಆರ್‌ಒ ಯಂತ್ರದಿಂದ ಹೊರಗೆ ಬರೋ ನೀರು, ಕೂಲರ್ ತೊಟ್ಟಿಯ ನೀರು. ಉಳಿತಾಯ ಮಾಡ್ತಿದ್ದೀನಿ ಅಂತ ಹೆಮ್ಮೆ ಬೇರೆ. ಮೂರು ವಾರಕ್ಕೆ ಮಣ್ಣಿನ ಮೇಲೆ ಬಿಳಿ ಪುಡಿ, ಎಲೆ ಅಂಚು ಕಂದು. ಕೂಲರ್‌ನಲ್ಲಿ ನೀರು ಆವಿಯಾಗಿ ಹೋದರೂ ಉಪ್ಪು ತೊಟ್ಟಿಯಲ್ಲೇ ಉಳೀತದೆ. ಆರ್‌ಒ ಬಿಡೋ ನೀರೂ ಹಾಗೇ, ಉಪ್ಪೆಲ್ಲ ಅದರಲ್ಲೇ. ಬಚ್ಚಲು ತೊಳೀರಿ ಅದರಿಂದ, ಇಂಥ ನಾಜೂಕು ಗಿಡಕ್ಕೆ ಬೇಡ. ಈಗ ಅಕ್ಕಿ, ಬೇಳೆ, ಕಾಯಿಪಲ್ಲೆ ತೊಳೆದ ನೀರು ಮತ್ತೆ ಬಾವಿ ನೀರು ಮಾತ್ರ.

ಅಷ್ಟರಲ್ಲಿ ಜೂನ್ ಬಂತು, ಅಪ್ಪನ ವಾಯಿದೆಗೆ ಎರಡು ತಿಂಗಳು ಬಾಕಿ. ಮಿರ್ಗದ ಮಳೆ ಬಿದ್ದ ಮೇಲೆ ಭಾಲ್ಕಿಗೆ ಹೋಗಿದ್ದೆ. ಆಯಿ ಮನೆ ಬಾವಿ ಕಟ್ಟೆಯ ಪಕ್ಕ, ಅರಿವೆ ಒಗೆಯೋ ಕಲ್ಲಿನ ಸುತ್ತ, ಕೆಂಪು ಕಲ್ಲಿನ ಸಂದಿಯಲ್ಲಿ ಏನೋ ಹಸಿರು. ಬಗ್ಗಿ ನೋಡಿದರೆ ಸಣ್ಣ ಸಣ್ಣ ಎಲೆ, ರಸ ತುಂಬಿದ ಕಾಂಡ, ಒತ್ತಾಗಿ ಹಾಸಿಕೊಂಡಿದೆ. ಆಯಿ, "ಯವ್ವಾ, ಅದು ಕಸ. ಕಿತ್ತಷ್ಟೂ ಬರ್ತದ" ಅಂದಳು. ಕಿತ್ತಷ್ಟೂ ಬರೋ ಗಿಡಕ್ಕೇ ನಾನು ಹುಡುಕ್ತಾ ಇದ್ದದ್ದು! ಅದು ಪಿಲಿಯಾ ಮೈಕ್ರೋಫಿಲ್ಲಾ, ಅಮೆರಿಕ ಖಂಡದ ಬಿಸಿ ನಾಡಿನಿಂದ ಬಂದದ್ದು, ಈಗ ನಮ್ಮ ಕುಂಡಗಳಲ್ಲಿ ಕರೆಯದೇ ಬಂದು ಕೂರುತ್ತೆ. ಹೂವಿನ ಪರಾಗವನ್ನ ಸಿಡಿಸುತ್ತೆ ಅಂತ ಇಂಗ್ಲಿಷಿನಲ್ಲಿ ಆರ್ಟಿಲರಿ ಪ್ಲಾಂಟ್, ಅಂದರೆ ತೋಪಿನ ಗಿಡ ಅಂತಾರೆ. ಒಂದು ಸ್ಟೀಲ್ ಡಬ್ಬಿ ತುಂಬ ತುಂಡು ಕತ್ತರಿಸಿಕೊಂಡು ಬಸ್ಸಿನಲ್ಲಿ ಬೀದರ್‌ಗೆ ತಂದೆ. ಖರ್ಚು ಸೊನ್ನೆ.

ಮಾಡಿದ್ದು ಹೇಳ್ತೀನಿ. ಮೊದಲು ನೀರು ನಿಲ್ಲದ ಹಾಗೆ ನೆಲವನ್ನ ಬಾವಿ ಕಡೆಗೆ ಇಳಿಜಾರು ಮಾಡಿಸಿದೆ. ಜಾರೋ ಪಾಚಿ ಬರೋದು ಬರಿ ಮಣ್ಣಿನ ಮೇಲೆ ನೀರು ನಿಂತಾಗ. ಎರಡನೇದು, ಕಾಲಿಡೋಕೆ ಕಲ್ಲು. ಓಣಿಯಲ್ಲಿ ಒಂದು ಹಳೇ ಗೋಡೆ ಕೆಡವಿದ್ದರು, ಆ ಕೆಂಪು ಕಲ್ಲುಗಳನ್ನೇ ಒರಟು ಮುಖ ಮೇಲೆ ಮಾಡಿ, ಅವ್ವನ ಹೆಜ್ಜೆ ಅಳತೆಗೆ ಹಾಕಿಸಿದೆ. ನನ್ನ ಹೆಜ್ಜೆಗಲ್ಲ. ಈ ಗಿಡಗಳು ತುಳಿತ ತಡೆಯಲ್ಲ, ಅದಕ್ಕೆ ಗಿಡ ಇರೋದು ಕಲ್ಲಿನ ನಡುವೆ ಮಾತ್ರ. ಮಣ್ಣನ್ನ ಎರಡು ಬೆರಳು ಆಳ ಸಡಿಲಿಸಿ, ಎಲೆ ಗೊಬ್ಬರ, ಹಳೇ ಸಗಣಿ ಗೊಬ್ಬರ, ಸ್ವಲ್ಪ ಮರಳು ಕಲಸಿ, ತುಂಡುಗಳನ್ನ ಇಟ್ಟು ಬೆರಳಿನಿಂದ ಒತ್ತಿದೆ. ಹೂಳಬಾರದು. ಬಾವಿ ಹತ್ತಿರ ಸದಾ ಹಸಿ ಇರೋ ಕಡೆ ಒಂದೆಲಗ. ನರ್ಸರಿಯಲ್ಲಿ ಇದನ್ನೂ ಬ್ರಾಹ್ಮಿ ಅಂತಾರೆ, ನೀರು ಬ್ರಾಹ್ಮಿಯನ್ನೂ ಬ್ರಾಹ್ಮಿ ಅಂತಾರೆ. ದುಂಡಗೆ ಒಂದೊಂದೇ ಎಲೆ ಇದ್ದದ್ದು ಕೇಳಿ ತಗೊಳ್ಳಿ. ಚಟ್ನಿಗೂ ಆಗುತ್ತೆ. ಪಕ್ಕದವರ ಬೇವಿನ ಮರದ ಬೇರು ನೀರೆಲ್ಲ ಎಳೆಯೋ ಮೂಲೆಯಲ್ಲಿ ಟರ್ಟಲ್ ವೈನ್. ತುಂಡು ಮುರಿದು ಬಿದ್ದಲ್ಲೇ ಬೇರು ಬಿಡುತ್ತೆ, ಎರಡು ದಿನ ನೀರು ತಪ್ಪಿದರೂ ಸಿಟ್ಟು ಮಾಡ್ಕೊಳ್ಳಲ್ಲ.

ಒಟ್ಟು ಖರ್ಚು, ಸತ್ತ ಗಿಡಗಳ ಸಮೇತ, ಆರು ಸಾವಿರದ ಮುನ್ನೂರ ನಲವತ್ತು.

ಇದರ ವಿಡಿಯೋ ನೋಡಿ ಔರಾದ್‌ನಿಂದ ಮೌಶಿ ಫೋನ್ ಮಾಡಿದಳು, ನಮ್ಮ ಹಿತ್ತಿಲಿಗೂ ಹಾಕಿಕೊಡು ಅಂತ. ಬೇಸಿಗೆಯಲ್ಲಿ ದಿನಕ್ಕೆ ಎರಡು ಬಕೀಟು ನೀರು ಬೇಕು ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. "ಎರಡು ಬಕೀಟು ಅಂದ್ರ ನಮ್ಮ ಮನ್ಯಾಗ ಇಬ್ಬರ ಜಳಕ" ಅಂದಳು. ಅವರ ಓಣಿಗೆ ಮೇ ತಿಂಗಳಲ್ಲಿ ಟ್ಯಾಂಕರ್ ಬರುತ್ತೆ, ಕರಿ ಮಣ್ಣು ಬಾಯಿ ಬಿಡುತ್ತೆ. ಅಂಥಲ್ಲಿ ಹಸಿರು ಹಾಸು ಹಾಕಿ ಅಂತ ಹೇಳೋಕೆ ನನಗೆ ಮನಸ್ಸು ಬರಲಿಲ್ಲ. ಜಲ್ಲಿ ಹಾಕಿಸು, ನೀರೂ ಇಳಿಯುತ್ತೆ, ಮೆಟ್ಟಿಲ ಕೆಳಗೆ ಒಂದು ಕುಂಡದಲ್ಲಿ ಟರ್ಟಲ್ ವೈನ್ ಇಟ್ಕೊ ಅಂದೆ. ಸ್ವಲ್ಪ ಬೇಜಾರಾದಳು. ಗಿಡದ ಚಾನೆಲ್‌ಗಳಲ್ಲಿ ಈ ಮಾತು ಯಾರೂ ಆಡಲ್ಲ, ಅದಕ್ಕೇ ಇಲ್ಲಿ ಹೇಳ್ತಿದ್ದೀನಿ.

ಹೋದ ಆಗಸ್ಟ್‌ನಲ್ಲಿ ನಾಲ್ಕು ದಿನ ಬಿಡದೆ ಮಳೆ. ಅವ್ವ ಬಕೀಟು ಎಡಗೈಗೆ ಬದಲಾಯಿಸಿಕೊಂಡು ಒಂದೊಂದೇ ಕಲ್ಲು ನೋಡಿ ಇಡ್ತಾ ನಡೆದಳು. ಬಲಗೈಯಲ್ಲಿ ಇವತ್ತಿಗೂ ಭಾರ ಎತ್ತಲ್ಲ. ಅಪ್ಪ ಬಾಗಿಲಲ್ಲಿ ನಿಂತು ನೋಡಿದ, ಏನೂ ಅನ್ನಲಿಲ್ಲ. ಮೇಸ್ತ್ರಿಯ ಚೀಟಿ ಇನ್ನೂ ಕ್ಯಾಲೆಂಡರ್ ಹಿಂದೆ ಸಿಕ್ಕಿಸಿಟ್ಟಿದ್ದಾನೆ. ಈ ಮೇ ಒಂದು ದಾಟಬೇಕು. ಪಿಲಿಯಾ ಅರ್ಧ ಒಣಗಿದೆ, ಒಂದೆಲಗ ನಿಂತಿದೆ, ಬಾವಿಯಲ್ಲಿ ಇವತ್ತು ಬೆಳಿಗ್ಗೆ ಹಗ್ಗ ಬಿಟ್ಟು ನೋಡಿದಾಗ ನಾಲ್ಕು ಮೊಳ ನೀರಿತ್ತು.

ಮಿರ್ಗದ ಮಳೆ ಆದಮೇಲೆ ಮತ್ತೆ ಭಾಲ್ಕಿಗೆ ಹೋಗ್ತೀನಿ. ಬೀದರ್‌ನಲ್ಲಿರೋರು ತುಂಡು ಬೇಕಾದರೆ ಹೇಳಿ, ಡಬ್ಬಿ ಮಾತ್ರ ನೀವೇ ತರಬೇಕು.